ತೋಳೆಳೆಯದ ಶಾಟ್

ಸಿನಿಮಾ ನಿರ್ದೇಶಕ ಕ್ಲೆಮೆಂಟ್ ಆಕ್ರಾಯ್ಡ್ ಯಾವತ್ತೂ ‘ಕಟ್’ ಎಂದವರಲ್ಲ. ಶಾಟ್ ಚೆನ್ನಾಗಿ ಬಂದರೆ ‘ಥ್ಯಾಂಕ್ಯೂ’, ಕೆಟ್ಟರೆ ‘ಇನ್ನೊಂದ್ಸಲ’. ಅದೂ ಕ್ಯಾಮೆರಾ ಪಕ್ಕ ಕಣ್ಣು ಮುಚ್ಚಿ ನಿಂತು, ಬರೀ ಕಿವಿಯಿಂದ ಕೇಳಿ. “ಸುಳ್ಳು ಮೊದ್ಲು ದನೀಲೇ ಸಿಕ್ಕಿಬೀಳುತ್ತೆ ಡೋರೀನ್” ಎಂದು ನನಗೆ ಹೇಳುತ್ತಿದ್ದರು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಗಿರಣಿ ಕಾರ್ಮಿಕನ ಮಗ. ಇಪ್ಪತ್ತೊಂದು ಚಿತ್ರ ತೆಗೆದರು. ನಡುವೆ ಒಂಬತ್ತು ವರ್ಷ ಒಬ್ಬರೂ ಕರೆಯದೆ, ಸೋಪಿನ ಜಾಹೀರಾತು ತೆಗೆದು ಹೊಟ್ಟೆ ಹೊರೆದರು.

ಸೆಟ್ಟಿನಲ್ಲಿ ಎಲ್ಲರಿಗೂ ಅವರು ಯಜಮಾನರು. ಒಂದು ಶಾಟ್‌ಗೂ ಇನ್ನೊಂದಕ್ಕೂ ವ್ಯತ್ಯಾಸ ಬಾರದಂತೆ, ಯಾವ ಕೈಯಲ್ಲಿ ಕಪ್ಪಿತ್ತು, ಯಾವ ಗುಂಡಿ ಬಿಚ್ಚಿತ್ತು ಎಂದು ಬರೆದಿಡುತ್ತಾ ಮೂವತ್ತೆರಡು ವರ್ಷ ಅವರ ಪಕ್ಕ ನಿಂತವಳು ನಾನು.

ಇಪ್ಪತ್ತೆರಡನೆಯ ಚಿತ್ರದ ಹೊತ್ತಿಗೆ ಅವರಿಗೆ ಎಂಬತ್ತೆರಡು. ಆ ವಯಸ್ಸು ನೋಡಿ, ಚಿತ್ರಕ್ಕೆ ವಿಮೆ ಕೊಟ್ಟ ಕಂಪನಿಯವರು ಜೈಲ್ಸ್ ಎಂಬ ಬದಲಿ ನಿರ್ದೇಶಕನನ್ನು ತಂದು ಕೂರಿಸಿದರು. ಮುದುಕನ ಕೈಲಿ ಆಗದೆಂದು ಕಂಡ ದಿನ ಚಿತ್ರ ಅವನದು. ಯಜಮಾನರ ಕಿವಿ ಹೋಗಿತ್ತು, ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಎದುರು ನಿಂತವರ ತುಟಿ ನೋಡಿ ಮಾತು ನಿಭಾಯಿಸುತ್ತಿದ್ದರು. ಶಾಟ್ ನಡೆಯುವಾಗ ಮಾತ್ರ ಯಾರಿಗೂ ಅನುಮಾನ ಬಾರದಂತೆ ಎಂದಿನ ಹಾಗೆ ಕಣ್ಣು ಮುಚ್ಚಿಯೇ ನಿಲ್ಲುತ್ತಿದ್ದರು. ಶಾಟ್ ಸರಿಬಂದರೆ ನಾನು ಅವರ ತೋಳನ್ನು ಒಮ್ಮೆ ಎಳೆಯುತ್ತಿದ್ದೆ, ಕೆಟ್ಟರೆ ಎರಡು ಸಲ. ಏಳು ವಾರ ಹಾಗೇ ದಬ್ಬಿದೆವು.

“ಯಜಮಾನ್ರೇ, ಮಾನಿಟರ್ ನೋಡಲ್ವಾ?” ಎಂದು ಜೈಲ್ಸ್ ಕೆಣಕುತ್ತಿದ್ದ.

“ನೀನೇ ನೋಡಪ್ಪಾ. ನಿಂಗೆ ಬೇರೆ ಕೆಲ್ಸ ಇಲ್ವಲ್ಲ.”

ಕೊನೆಯ ದಿನ ಅವನು ನನ್ನನ್ನೇ ಹಿಡಿದ. “ನಿಮ್ ಕೈ ಯಾವಾಗ್ಲೂ ಅವರ ತೋಳ ಮೇಲೇ ಇರುತ್ತಲ್ಲ?”

“ವಯಸ್ಸಾಗಿದೆ, ವೈರ್ ಎಡವ್ತಾರೆ.”

“ಹೌದಾ? ವೈರ್ ನಾನು ನೋಡ್ಕೋತೀನಿ ಬಿಡಿ” ಎಂದವನೇ ನಮ್ಮಿಬ್ಬರ ನಡುವೆ ಬಂದು ನಿಂತ. ಅವರ ತೋಳು ನನ್ನ ಕೈಗೆ ಎಟುಕದಾಯಿತು.

ಅಡುಗೆಮನೆಯ ದೃಶ್ಯ. ಗಂಡನನ್ನು ಹೂತು ಬಂದ ಹೆಂಗಸಾಗಿ ನಟಿ ಇಮೋಜೆನ್ ಎರಡು ಕಪ್ಪು ತೊಳೆದಳು. “ಇನ್ನು ಒಂದು ಸಾಕು” ಎಂದಳು. ಮಾತು ಅಲ್ಲಿಗೆ ಮುಗಿಯಿತು. ಯಜಮಾನರಿಂದ ಸದ್ದಿಲ್ಲ. ಜೈಲ್ಸ್ ಅವರ ಮುಖವನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಅವರ ಕಣ್ಣು ತೆರೆದಿತ್ತು.

ಮುಂದೇನೆಂದು ತೋಚದ ಇಮೋಜೆನ್ ಎರಡನೆಯ ಕಪ್ಪನ್ನು ಕಪಾಟಿನಲ್ಲಿಟ್ಟಳು. ಬಾಗಿಲು ಹಾಕಲು ಹೋದವಳು ಹಾಕಲಿಲ್ಲ. ಕಪ್ಪನ್ನು ಮತ್ತೆ ತೆಗೆದು ಮೊದಲಿನದರ ಪಕ್ಕ ಇಟ್ಟಳು.

“ಥ್ಯಾಂಕ್ಯೂ” ಎಂದರು ಯಜಮಾನರು.

ಜೈಲ್ಸ್ ನಮ್ಮಿಬ್ಬರ ನಡುವಿನಿಂದ ಸರಿದ. “ನಾನಾಗಿದ್ರೆ ಮಾತು ಮುಗಿದ ಕೂಡ್ಲೇ ನಿಲ್ಲಿಸ್ಬಿಡ್ತಿದ್ದೆ” ಎಂದು ಗೊಣಗಿ ಹೊರಟುಹೋದ. ನಿಜ ಹೇಳುತ್ತೇನೆ, ನಾನೂ ಅಲ್ಲೇ ತೋಳು ಎಳೆದಿರುತ್ತಿದ್ದೆ.

ಯಜಮಾನರು ನನ್ನ ಹತ್ತಿರ ಬಂದರು. “ಇಷ್ಟು ದಿನ ತೆಗ್ದಿದ್ದು ನಿನ್ ಚಿತ್ರ ಕಣಮ್ಮಾ. ಇದೊಂದು ಶಾಟ್ ನಂದು.”

ನನಗೆ ಚುರುಕ್ಕೆಂದಿತು, ಜೊತೆಗೇ ಕಣ್ಣೂ ತುಂಬಿತು. ಅವರು ನನ್ನ ತೋಳನ್ನು ಒಮ್ಮೆ ಎಳೆದು “ಥ್ಯಾಂಕ್ಯೂ” ಎಂದರು. ಮೂವತ್ತೆರಡು ವರ್ಷದಲ್ಲಿ ಅವರು ನನಗೆ ಆ ಮಾತು ಹೇಳಿದ್ದು ಅದೇ ಮೊದಲು.