ಡಬ್ಬಿಯ ಮೇಲಿನ ಹೆಸರು

"ಮುಂಡೇದೆ, ಇದನ್ನ ಎಲ್ಲಿಟ್ಟಿದ್ದೀಯ ನೋಡು. ಊರಿಗೆಲ್ಲ ಕಾಣಲಿ ಅಂತ ತೋರಣ ಕಟ್ಟಿದ್ದೀಯಾ?"

ಇಂಗ್ಲೆಂಡಿನ ಲೆಸ್ಟರ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಡಾಕ್ಟರ್ ರಾಜಶೇಖರ ಗಾಲಿಕುರ್ಚಿಯಲ್ಲಿ ಕೂತು ಬೈಯುತ್ತಿದ್ದರು. ಬೈಸಿಕೊಳ್ಳುತ್ತಿದ್ದವಳು ಅವರನ್ನು ನೋಡಿಕೊಳ್ಳುವ ಕೇರರ್ ಜಲಜಾ, ಲಿಂಗಸೂಗೂರು ಕಡೆಯವಳು. ಕುರ್ಚಿಯ ಪಕ್ಕದ ಚೀಲದಿಂದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದು ಇಣುಕುತ್ತಿತ್ತು. ಅದರೊಳಗೆ ಒಣಗಿದ ಗಾಂಜಾ ಹೂವು. ಕದ್ದ ಮಾಲಲ್ಲ, ತಜ್ಞ ವೈದ್ಯರು ಬರೆದುಕೊಟ್ಟು, ಫಾರ್ಮಸಿಯವರು ಹೆಸರು ಅಂಟಿಸಿ ಕಳಿಸಿದ ಔಷಧಿ. ಬೆನ್ನುಹುರಿಯ ಆಪರೇಷನ್ ಆದಮೇಲೆ ಡಾಕ್ಟರ ಕಾಲುಗಳಲ್ಲಿ ಬೆಂಕಿ ಇಟ್ಟಂಥ ನೋವು ಉಳಿದುಬಿಟ್ಟಿತ್ತು. ಮಾತ್ರೆಗಳೆಲ್ಲ ಸೋತಮೇಲೆ ಇದೊಂದು ಹಿಡಿದಿತ್ತು.

"ಕ್ಲಿನಿಕ್‌ನ್ಯಾಗ ಹಂಗ ಹೇಳ್ಯಾರಲ್ರೀ ಸರ್. ಪೇಷಂಟ್ ತನ್ನ ಹತ್ರಾನ ಇಟ್ಕೋಬೇಕು ಅಂತ."

"ಜಿ.ಪಿ. ಆಗಿ ರಿಟೈರ್ ಆದೋನು ನಾನು. ನಂಗೆ ರೂಲ್ಸ್ ಹೇಳ್ತೀಯಾ?"

ಆಮೇಲೆ ಅವರೇ ರೂಲ್ಸ್ ಒಪ್ಪಿಸಿದರು. ಫಾರ್ಮಸಿಯ ಡಬ್ಬಿಯಲ್ಲೇ ಇರಬೇಕು, ಲೇಬಲ್ ಕೀಳಬಾರದು. ಪ್ರಿಸ್ಕ್ರಿಪ್ಷನ್ನಿನ ಪ್ರತಿ ಮತ್ತು ಫೋಟೋ ಇರುವ ಗುರುತಿನ ಚೀಟಿ ಜೊತೆಗಿರಬೇಕು. ಬೆಂಕಿ ಹಚ್ಚಿ ಸೇದಬಾರದು, ವೇಪರೈಸರ್ ಎಂಬ ಯಂತ್ರದಲ್ಲಿ ಬಿಸಿಮಾಡಿ ಆವಿ ಎಳೆಯಬೇಕು. ಬೇರೆ ದೇಶಕ್ಕೆ ಒಯ್ಯುವ ಮೊದಲು ಆ ದೇಶದ ರಾಯಭಾರ ಕಚೇರಿಯನ್ನು ಕೇಳಬೇಕು. ಇಂಡಿಯಾಕ್ಕಂತೂ ಒಯ್ಯಲೇಬೇಡಿ ಎಂದು ಕ್ಲಿನಿಕ್ಕಿನವರು ಅಂದಾಗ ಅವರಿಗೆ ಸಿಟ್ಟು ಬಂದಿತ್ತು. "ಅಲ್ಲಿ ಬೂದಿ ಬಳ್ಕೊಂಡೋರು ಸೇದಬಹುದು, ಎಂ.ಬಿ.ಬಿ.ಎಸ್. ಮಾಡಿದೋನು ಸೇದಬಾರದಾ?" ಎಂದು ಮನೆಗೆ ಬಂದು ಜಲಜಾಳನ್ನು ಕೇಳಿದ್ದರು.

ರೂಲ್ಸೆಲ್ಲ ಮುಗಿಸಿ ಈಗ ಹೇಳಿದರು: "ಇದನ್ನ ನಿನ್ನ ಬ್ಯಾಗಲ್ಲಿಡು. ಒಳಬಟ್ಟೆ ಮಧ್ಯೆ ತುರುಕು. ಅಲ್ಲಿ ಯಾರೂ ಕೈಹಾಕಲ್ಲ."

"ಹೆಸ್ರು ನಿಮ್ದದರೀ. ನನ್ನ ಬ್ಯಾಗಿನ್ಯಾಗ ಯಾಕ?"

"ಮ್ಯಾಂಚೆಸ್ಟರ್‌ನಲ್ಲಿ ನಂಗೆ ಮಾಲೆ ಹಾಕಿ ಕರ್ಕೊಂಡು ಹೋಗೋಕೆ ಬರ್ತಿದ್ದಾರೆ. ಅವರ ಮುಂದೆ ಇದನ್ನ ತೊಡೆ ಮೇಲೆ ಇಟ್ಕೊಂಡು ಕೂರಲಾ? ಬಾಯಿ ಮುಚ್ಕೊಂಡು ಇಡು."

ಜಲಜಾ ಇಟ್ಟಳು. ಆ ಬ್ಯಾಗಿನ ಬಟ್ಟೆಗಳಿಗೆ ಡಾಕ್ಟರ ಮನೆಯ ವಾಷಿಂಗ್ ಮೆಷಿನ್ನಿನೊಳಗೆ ಪ್ರವೇಶವಿರಲಿಲ್ಲ. ಅವನ್ನು ಅವಳು ಬೀದಿ ತುದಿಯ ಲಾಂಡ್ರಿಗೆ ಹೊತ್ತೊಯ್ದು ಒಗೆದುಕೊಂಡು ಬರುತ್ತಿದ್ದಳು. ಔಷಧಿಗೆ ಮಾತ್ರ ಮೈಲಿಗೆ ತಟ್ಟುವುದಿಲ್ಲವೆಂದು ಆವತ್ತು ತಿಳಿಯಿತು. ಪ್ರಿಸ್ಕ್ರಿಪ್ಷನ್, ಪಾಸ್‌ಪೋರ್ಟುಗಳು ಡಾಕ್ಟರ ಕೋಟಿನ ಒಳಜೇಬಿನಲ್ಲೇ ಉಳಿದವು.

ಮ್ಯಾಂಚೆಸ್ಟರಿನ ಕನ್ನಡ ಸಂಘ ಅಂದು ರಾಜಶೇಖರರನ್ನು ಸನ್ಮಾನಿಸುವುದಿತ್ತು. ವ್ಯಸನಮುಕ್ತ ಸಮಾಜಕ್ಕಾಗಿ ಜೀವಮಾನವಿಡೀ ಶ್ರಮಿಸಿದ್ದಕ್ಕೆ. ಯುಗಾದಿ, ರಾಜ್ಯೋತ್ಸವ, ಯಾವ ಕಾರ್ಯಕ್ರಮವಿದ್ದರೂ ವೇದಿಕೆ ಹತ್ತಿ, ಮ್ಯಾಂಚೆಸ್ಟರಿನ ಫಾಲೋಫೀಲ್ಡ್ ಬಡಾವಣೆಯಲ್ಲಿದ್ದು ಓದುವ ನಮ್ಮ ಮಕ್ಕಳು ಗಾಂಜಾಕ್ಕೆ ಬಲಿಯಾಗುತ್ತಿದ್ದಾರೆ ಎಂದು ಗದ್ಗದಿತರಾಗಿ ಮಾತನಾಡುತ್ತ ಬಂದವರು ಅವರು.

ಜಲಜಾ ಈ ದೇಶಕ್ಕೆ ಬಂದದ್ದು ಅವರ ಮಗಳು ಯಾಮಿನಿಯ ಕೇರ್ ಕಂಪನಿಯ ಸ್ಪಾನ್ಸರ್‌ಶಿಪ್ ಮೇಲೆ. ಅದು ತಪ್ಪಿದರೆ ವೀಸಾವೂ ತಪ್ಪುತ್ತಿತ್ತು. ಕಾಗದದಲ್ಲಿ ಅವಳು ಸೀನಿಯರ್ ಕೇರರ್. ಮನೆಯಲ್ಲಿ ಅಡುಗೆಯವಳು, ಕಕ್ಕಸು ತೊಳೆಯುವವಳು, ಮುದುಕನನ್ನು ಎತ್ತಿ ಇಳಿಸುವವಳು. ರೋಟಾ ಅಂತ ಪಾಳಿಯ ಪಟ್ಟಿಯೊಂದಿತ್ತು. ಅದರಲ್ಲಿ ಹಗಲೂ ಅವಳೇ, ರಾತ್ರಿಯೂ ಅವಳೇ.

ಔಷಧಿ ಶುರುವಾದ ಹೊಸದರಲ್ಲಿ ಮನೆಯೆಲ್ಲ ಘಾಟು ತುಂಬಿಕೊಂಡಿತ್ತು. ಪೂಜೆಗೆ ಬಂದ ಭಟ್ಟರು ಮೂಗರಳಿಸಿ, "ಏನೋ ಸೊಪ್ಪು ಸುಟ್ಟ ವಾಸನೆ ಬರ್ತಿದೆಯಲ್ಲ" ಎಂದರು. ರಾಜಶೇಖರರು ಅಡುಗೆಮನೆಯತ್ತ ಗದ್ದ ತೋರಿಸಿದರು. "ಅವಳದ್ದು. ಊರಿಂದ ಏನೇನೋ ತರಿಸ್ಕೊಂಡು ಬೇಯಿಸ್ತಾಳೆ."

"ಯಾರ ಪೈಕಿ?"

ಡಾಕ್ಟರು ಪಿಸುಗುಟ್ಟಿದ್ದು ಜಲಜಾಳಿಗೆ ಕೇಳಿಸಲಿಲ್ಲ. ಭಟ್ಟರು "ಓ" ಎಂದದ್ದು ಕೇಳಿಸಿತು. ಅವರು ಮನೆಗೆಲ್ಲ ತೀರ್ಥ ಚಿಮುಕಿಸುತ್ತ ಬಂದು, ಅವಳ ತಲೆಯ ಮೇಲೆ ನಾಲ್ಕು ಹನಿ ಜಾಸ್ತಿಯೇ ಚಿಮುಕಿಸಿದರು. ಆಮೇಲೆ ಡಾಕ್ಟರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಂತ್ರ ಹೇಳಿದರು. ಹೊರಡುವಾಗ ಅವರ ಮುಖದಲ್ಲಿ ಎಂದೂ ಇಲ್ಲದ ಪ್ರಸನ್ನತೆ ಇತ್ತು. ಈ ಕೋಣೆಯಲ್ಲಿ ಏನೋ ಸಾನ್ನಿಧ್ಯ ಇದೆ ಎಂದು ಹೇಳಿ, ಚಪ್ಪಲಿ ಮರೆತು ಹೋದರು.

ಶೆಫೀಲ್ಡಿನಲ್ಲಿ ರೈಲು ಬದಲಿಸುವಷ್ಟರಲ್ಲಿ ಡಾಕ್ಟರಿಗೆ ನೋವು ಶುರುವಾಯಿತು. ರೈಲಿನಲ್ಲಿ ವೇಪರೈಸರ್ ಬಳಸುವಂತಿರಲಿಲ್ಲ. ನೋವು ಸುಳ್ಳಾಗಿರಲಿಲ್ಲ, ಹಣೆಯ ಮೇಲೆ ಬೆವರು ಮೂಡಿ, ತುಟಿ ಕಚ್ಚಿಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಜಲಜಾ ರೈಲಿನ ನೆಲದ ಮೇಲೆ ಕೂತು ಅವರ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕಿದಳು.

"ಇನ್ನೊಂಚೂರು ತಡ್ಕೋರಿ. ಇಳಿದ ಕೂಡ್ಲೆ ಕೊಡ್ತೀನಿ."

"ಅಮ್ಮಾ" ಎಂದು ನರಳಿದರು ಅವರು. ನೋವು ಸ್ವಲ್ಪ ಇಳಿದ ಮೇಲೆ ಕಾಲು ಹಿಂದಕ್ಕೆ ಎಳೆದುಕೊಂಡು, ಮಾದಕ ವಸ್ತುಗಳ ಮೇಲಿನ ಭಾಷಣವನ್ನು ಮತ್ತೊಮ್ಮೆ ಓದಿಕೊಂಡರು.

ಮ್ಯಾಂಚೆಸ್ಟರಿನಲ್ಲಿ ಟಿಕೆಟ್ ಗೇಟಿನ ಮುಂದೆ ಪೊಲೀಸರು ನಾಯಿ ಹಿಡಿದುಕೊಂಡು ನಿಂತಿದ್ದರು. ಗೇಟಿನಾಚೆ ಸಂಘದ ಕಾರ್ಯದರ್ಶಿ ಪೃಥ್ವಿ, ರೇಷ್ಮೆ ಪಂಚೆ ಉಟ್ಟು, ಐದಾರು ಜನರ ಕೈಯಲ್ಲಿ ಪೇಟ, ಶಾಲು, ಗಂಧದ ಹಾರ ಹಿಡಿಸಿಕೊಂಡು, ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ಕಪ್ಪು ನಾಯಿ ಗಾಲಿಕುರ್ಚಿಯನ್ನು ದಾಟಿ ಬಂದು ಜಲಜಾಳ ಮುಂದೆ ಬಾಲ ಅಲ್ಲಾಡಿಸುತ್ತ ಕೂತುಬಿಟ್ಟಿತು.

ಪಕ್ಕದಲ್ಲೊಂದು ಮೇಜು. ಎಳೆವಯಸ್ಸಿನ ಪೊಲೀಸಮ್ಮ ಕೈಗವಸು ಹಾಕಿಕೊಂಡು ಬ್ಯಾಗು ಬಿಚ್ಚಿದಳು. ಕುಪ್ಪಸ, ಲಂಗ, ಒಳಬಟ್ಟೆಗಳು ಒಂದೊಂದಾಗಿ ಮೇಜಿನ ಮೇಲೆ ಬಂದವು. ಜನ ನೋಡಿಕೊಂಡು ಹೋಗುತ್ತಿದ್ದರು. ಜಲಜಾ ನೆಲ ನೋಡುತ್ತ ನಿಂತಳು. ಕೊನೆಗೆ ಡಬ್ಬಿ ಬಂತು. ಪೊಲೀಸಮ್ಮ ಲೇಬಲ್ ಓದಿ, ಗಾಲಿಕುರ್ಚಿಯತ್ತ ತಿರುಗಿ ಮರ್ಯಾದೆಯಿಂದಲೇ ಕೇಳಿದಳು: "ನೀವೇನಾ ಸರ್ ರಾಜಶೇಖರ? ನಿಮ್ಮದಾದರೆ ಏನೂ ತೊಂದರೆಯಿಲ್ಲ. ಪ್ರಿಸ್ಕ್ರಿಪ್ಷನ್ ತೋರಿಸಿದರೆ ಸಾಕು."

ಡಾಕ್ಟರು ಗೇಟಿನಾಚೆ ನೋಡಿದರು. ಪೃಥ್ವಿ ಫೋನನ್ನು ನೇರ ಅವರ ಮುಖಕ್ಕೆ ಹಿಡಿದಿದ್ದ.

"ನನ್ನದಲ್ಲ" ಎಂದರು ಇಂಗ್ಲಿಷಿನಲ್ಲಿ. "ರಾಜಶೇಖರ ಅನ್ನೋ ಹೆಸರಿನವರು ನಮ್ಮಲ್ಲಿ ಸಾವಿರಾರು ಜನ ಇದ್ದಾರೆ. ಈಕೆ ನನ್ನ ಕೇರರ್. ಯಾರದ್ದನ್ನು ಕದ್ದಳೋ ಗೊತ್ತಿಲ್ಲ."

ನಂತರ ಜಲಜಾಳ ಕಡೆ ಬಾಗಿ ಕನ್ನಡದಲ್ಲಿ ಹೇಳಿದರು: "ಹೂಂ ಅನ್ನು ಸಾಕು. ಯಾಮಿನಿ ಬಂದು ಬಿಡಿಸ್ತಾಳೆ. ಇಲ್ಲ ಅಂದ್ಯೋ, ಸ್ಪಾನ್ಸರ್‌ಶಿಪ್ ಕಟ್. ನಿನ್ನ ಕೇರಿಗೆ ವಾಪಸ್ ಹೋಗಿ ಸಗಣಿ ಬಾಚ್ತಾ ಬಿದ್ದಿರು."

ಈ ಪೊಲೀಸರು, ಜೈಲು, ವಿಮಾನ, ಊರಲ್ಲಿ ತಲೆ ಎತ್ತಿ ಓಡಾಡುತ್ತಿದ್ದ ಅವ್ವನ ಮುಖ, ಎಲ್ಲ ಒಟ್ಟಿಗೆ ಜಲಜಾಳ ಕಣ್ಮುಂದೆ ಬಂದವು. ತಗ್ಗಿಸಿದ ಕಣ್ಣಿಗೆ ಡಾಕ್ಟರ ಎಡಪಾದ ಕಂಡಿತು. ಅದು ಸಣ್ಣಗೆ ನಡುಗುತ್ತಿತ್ತು. ಆ ನಡುಕದ ಹಿಂದೆ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಅವಳು ತಲೆ ಎತ್ತಿ ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದಳು: "ನಂದೂ ಅಲ್ಲ ಮೇಡಂ. ಡಬ್ಬಿ ಮೇಲೆ ನನ್ನ ಹೆಸರಿಲ್ಲ. ಅವರದೂ ಅಲ್ಲ ಅಂತಾರೆ. ನೀವೇ ತಗೊಂಡು ಹೋಗಿ ನಾಶ ಮಾಡಿ."

"ಹಾಗಾದರೆ ಇದನ್ನು ಜಪ್ತಿ ಮಾಡಬೇಕಾಗುತ್ತದೆ. ನೀನೂ ನಮ್ಮ ಜೊತೆ ಬರಬೇಕಾಗುತ್ತದೆ."

"ಬರ್ತೀನಿ."

ಪೊಲೀಸಮ್ಮ ಡಬ್ಬಿಯನ್ನು ಪಾರದರ್ಶಕ ಚೀಲಕ್ಕಿಳಿಸಿ, ಪೆನ್ನು ತೆಗೆದಳು.

"ಏಯ್" ಎಂದರು ಡಾಕ್ಟರು. "ಅದನ್ನ ಹಂಗೇ ಒಯ್ಯೋಕೆ ಬಿಡ್ತೀಯಾ?"

"ನಿಮ್ದಲ್ಲಲ್ರೀ. ವ್ಯಸನಮುಕ್ತರಿಗೆ ಗಾಂಜಾ ಯಾಕ ಬೇಕು?"

ನೋವು ಮೇಲೆ ಹತ್ತುತ್ತಿತ್ತು. ಡಾಕ್ಟರು ಎರಡೂ ಕೈಯಿಂದ ತೊಡೆ ಅದುಮಿ ಹಿಡಿದುಕೊಂಡರು. "ಲೌಡಿ, ಹೇಳೇ ಅವಳಿಗೆ. ಅದು ನಂದು ಅಂತ ನೀನೇ ಹೇಳು."

"ಇಂಗ್ಲಿಷ್ ನನಗಿಂತ ಚಲೋ ಬರ್ತದಲ್ಲ ನಿಮ್ಗ" ಎಂದಳು ಜಲಜಾ. ಪೊಲೀಸಮ್ಮ ಚೀಲದ ಬಾಯಿಯ ಅಂಟುಪಟ್ಟಿ ಕಿತ್ತಳು. ಜಲಜಾ ಒಂದು ಹೆಜ್ಜೆ ಮುಂದೆ ಬಂದು ಮುದುಕನ ಮುಖದ ಹತ್ತಿರ ಬಾಗಿದಳು. "ನಿನ್ನ ಬಾಯಿಂದ ಹೇಳೋ, ಭಾಡ್ಯಾ."

ಚೀಲದ ಬಾಯಿ ಇನ್ನೇನು ಅಂಟಿಕೊಳ್ಳಬೇಕು, ಆಗ ಡಾಕ್ಟರು ಕೈ ಚಾಚಿ ಕೂಗಿಬಿಟ್ಟರು. "ಇಟ್ ಈಸ್ ಮೈನ್. ಮೈನ್. ಕೊಡಿ ಇಲ್ಲಿ."

ಗೇಟಿನಾಚೆ ಗಂಧದ ಹಾರ ಹಿಡಿದವಳು ಪಕ್ಕದವಳ ಮುಖ ನೋಡಿದಳು. ಪೃಥ್ವಿ ಫೋನು ಇಳಿಸಿದ.

ಒಳಜೇಬಿನಿಂದ ಕಾಗದಗಳು ಹೊರಬಂದವು. ಎಲ್ಲ ಸರಿಯಾಗಿತ್ತು. ಪೊಲೀಸಮ್ಮ ಡಬ್ಬಿಯನ್ನು ಡಾಕ್ಟರ ಕೈಗಿಟ್ಟು, ಮುಂದಿನ ಸಲ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಸರ್, ಪಾಪ, ತುಂಬಾ ನೋವಿರಬೇಕು ಎಂದು ಭುಜ ಸವರಿದಳು. ಸುಳ್ಳು ಯಾಕೆ ಹೇಳಿದಿರಿ ಎಂದು ಯಾರೂ ಕೇಳಲಿಲ್ಲ. ಜಲಜಾಳಿಗೆ, ಬಟ್ಟೆ ತುಂಬಿಕೊಳ್ಳಬಹುದು ಎಂದು ಅಪ್ಪಣೆಯಾಯಿತು.

ಪೃಥ್ವಿ ಗೇಟು ತೆಗೆಸಿಕೊಂಡು ಓಡಿಬಂದ. ಪೇಟ, ಶಾಲಿನವರೂ ಅವನ ಹಿಂದೆಯೇ ಬಂದರು. "ಸರ್, ಮೆಡಿಸಿನ್ ಅಂದ್ರೆ ಮೆಡಿಸಿನ್. ವಿಡಿಯೋ ಡಿಲೀಟ್ ಮಾಡಿದ್ದೀನಿ. ಭಾಷಣಕ್ಕೆ ವೈಜ್ಞಾನಿಕ ಮನೋಭಾವ ಅಂತ ಟೈಟಲ್ ಇಟ್ಟುಬಿಡೋಣ." ಆಮೇಲೆ ಜಲಜಾಳತ್ತ ತಿರುಗಿ, "ನೀವು ಸ್ವಲ್ಪ ಸಹಕರಿಸಬೇಕಿತ್ತು ಕಣ್ರೀ. ಹಿರಿಯರು" ಎಂದ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಯಾಮಿನಿ. ಸುದ್ದಿ ಆಗಲೇ ಲೆಸ್ಟರ್ ಮುಟ್ಟಿತ್ತು.

"ಅಷ್ಟು ಜನರ ಮುಂದೆ ಅಪ್ಪನ ಮಾನ ತೆಗೆದ್ಯಲ್ಲ. ನಾಳೆಯಿಂದ ನೀನು ಬೇಡ. ಹೋಮ್ ಆಫೀಸಿಗೆ ಇವತ್ತೇ ತಿಳಿಸಿ ವೀಸಾ ರದ್ದು ಮಾಡಿಸ್ತೀನಿ. ಫಂಕ್ಷನ್ ಮುಗಿಸ್ಕೊಂಡು, ಅಪ್ಪನ್ನ ಹುಷಾರಾಗಿ ಮನೆಗೆ ಕರ್ಕೊಂಡು ಬಂದುಬಿಡು."

"ತೆಗೆದು ಹಾಕೀರಂದ್ರ ತೆಗೆದು ಹಾಕೀರಿ" ಎಂದಳು ಜಲಜಾ. "ಮತ್ತ ಇವತ್ತಿನ ಕೆಲ್ಸ ಯಾಕ ಮಾಡ್ಲಿ?"

ಫೋನು ಆರಿಸಿ ಮೇಜಿನ ಮೇಲಿಟ್ಟು, ಬಟ್ಟೆಗಳ ಮುಂದೆ ನಿಂತಳು. ಮುಂದೆ ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಕುಪ್ಪಸ ಎತ್ತಿಕೊಂಡು, ತೋಳುಗಳನ್ನು ಒಳಕ್ಕೆ ಮಡಚಿ, ಅಂಗೈಯಿಂದ ಸುಕ್ಕು ತೀಡಿದಳು.

"ತಳ್ಳೇ" ಎಂದರು ಡಾಕ್ಟರು.

ಅವಳು ಎರಡನೆಯ ಕುಪ್ಪಸ ತೆಗೆದುಕೊಂಡಳು. ಪೃಥ್ವಿ ಪಂಚೆ ಎತ್ತಿ ಹಿಡಿದು ಗಾಲಿಕುರ್ಚಿಯನ್ನು ನೂಕಿದ. ಅದು ಅಲುಗಲಿಲ್ಲ. ಬ್ರೇಕು ಎಲ್ಲಿದೆಯೆಂದು ಕೆಳಗೆಲ್ಲ ಬಗ್ಗಿ ತಡಕಾಡಿದ.

"ತಳ್ಳಮ್ಮ" ಎಂದರು ಡಾಕ್ಟರು.

ಹಿಂದೆ ಜನ ಸೇರಿಕೊಂಡು ದಾರಿ ಬಿಡಿ ಎನ್ನುತ್ತಿದ್ದರು. ಜಲಜಾ ಲಂಗವನ್ನು ಎರಡು ಕೈಯಲ್ಲಿ ಹಿಡಿದು, ಎತ್ತರಕ್ಕೆತ್ತಿ, ಫಟಾರನೆ ಕೊಡವಿದಳು. ಪೇಟ, ಶಾಲು ಹಿಡಿದವರು ಹಿಂದಕ್ಕೆ ಸರಿದರು.