ಪರದೆಯ ಹಿಂದೆ ಬಿದ್ದ ಹತ್ತೊಂಬತ್ತು

ಜಂದೀರಾಗೆ ಅದೃಷ್ಟ ಇರಲಿಲ್ಲ. ಮೂಲೆಯಂಗಡಿಯ ಪ್ರಾಣಿ ಲಾಟರಿಯಲ್ಲಿ ಅವಳು ನವಿಲಿಗೆ ಕಟ್ಟಿದ ದಿನ ಹಸು ಬರುತ್ತಿತ್ತು, ಹಸುವಿಗೆ ಕಟ್ಟಿದ ದಿನ ಮೊಸಳೆ. ಅಂಚೆ ಇಲಾಖೆಯ ಪರೀಕ್ಷೆ ಒಂದೇ ಒಂದು ಅಂಕದಲ್ಲಿ ಕೈತಪ್ಪಿತ್ತು. ವಿಶ್ವವಿದ್ಯಾಲಯದ ಗೇಟಿನೆದುರು ಜೆರಾಕ್ಸ್ ಅಂಗಡಿಯಲ್ಲಿ ನಿಂತು ಬೇರೆಯವರು ಓದುವ ಪುಸ್ತಕಗಳ ಪುಟ ಮಗುಚುವುದು ಅವಳ ಕೆಲಸ. ವಯಸ್ಸು ಇಪ್ಪತ್ತಾರು. ಅಣ್ಣನ ಮನೆಯಲ್ಲಿ ವಾಸ. ಅತ್ತಿಗೆ ನೆರೆಯವರಿಗೆ ಅವಳನ್ನು ಪರಿಚಯಿಸುವಾಗ ಹೆಸರಿಗೆ ಮೊದಲು 'ಪಾಪ' ಎಂದು ಸೇರಿಸುತ್ತಿದ್ದಳು.

ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಮಾತ್ರ ಪರಿಸ್ಥಿತಿ ಬೇರೆಯಾಗಿತ್ತು.

ಒಡಿಲೋನ್ ಸರ್ಕಾರಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ. ಅವನ ಮನೆಯ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ, ಒಂದು ಮೇಜಿತ್ತು. ಐದು ವರ್ಷದಿಂದ ಆ ಮೇಜಿನ ಸುತ್ತ ಅವರು ಒಂದೇ ಕಥೆಯನ್ನು ಆಡುತ್ತಿದ್ದರು. ಆಟ ನಡೆಸುವವನು, ಅವರ ಮಾತಿನಲ್ಲಿ ಮೇಸ್ತ್ರಿ, ಒಡಿಲೋನ್. ಕಾಡು, ಕೋಟೆ, ರಾಕ್ಷಸ, ರಾಜ ಎಲ್ಲ ಅವನ ಬಾಯಿಂದ ಬರಬೇಕು. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ತಾನು ಏನು ಮಾಡುತ್ತೇನೆಂದು ಆಟಗಾರ ಹೇಳುತ್ತಾನೆ, ಅದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ವೈರಿಗಳ ದಾಳವನ್ನು ಮೇಸ್ತ್ರಿಯೇ ಉರುಳಿಸುತ್ತಾನೆ. ಅವನ ಮುಂದೆ ಮೊಣಕೈ ಎತ್ತರದ ರಟ್ಟಿನ ಪರದೆ. ದಾಳದ ಸದ್ದು ಎಲ್ಲರಿಗೂ ಕೇಳುತ್ತದೆ, ಅಂಕಿ ಅವನಿಗೊಬ್ಬನಿಗೇ ಕಾಣುತ್ತದೆ.

ಜಂದೀರಾಳ ಪಾತ್ರ ಬ್ರಿಜಿದಾ ಎಂಬ ಈಟಿಗಾರ್ತಿ. ಹನ್ನೊಂದನೇ ಮಟ್ಟ. ಬ್ರಿಜಿದಾಳ ಲೆಕ್ಕವಿಡುವ ಹಾಳೆಯಲ್ಲಿ ಜೀವದ ಅಂಕಿ ಬರೆಯುವ ಚೌಕವನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ತೂತು ಬಿದ್ದು, ಹಿಂದಿನಿಂದ ಟೇಪು ಅಂಟಿಸಲಾಗಿತ್ತು. ಸತ್ತ ಪಾತ್ರಗಳ ಹಾಳೆಗಳನ್ನು ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ನೇತುಹಾಕುವುದು ಅಲ್ಲಿನ ಪದ್ಧತಿ. ಬೇಕರಿಯಲ್ಲಿ ಹಿಟ್ಟು ನಾದುವ ತೆರ್ಸಿಯೋನದು ಏಳು ಹಾಳೆ ಅಲ್ಲಿದ್ದವು. ನರ್ಸಿಂಗ್ ಓದುವ ನೀವಿಯಾಳದು ಮೂರು. ಜಂದೀರಾಳದು ಒಂದೂ ಇರಲಿಲ್ಲ.

"ನಿನ್ನ ಕೈಗೆ ಮೊಳೆ ಮುಟ್ಟೋ ಯೋಗ ಇಲ್ಲ ಕಣೆ," ಎಂದು ತೆರ್ಸಿಯೋ ರೇಗಿಸುತ್ತಿದ್ದ. ಅದನ್ನು ಕೇಳುವುದಕ್ಕೇ ಅವಳು ಶನಿವಾರ ಕಾಯುತ್ತಿದ್ದಳು ಎಂದರೂ ಸುಳ್ಳಲ್ಲ.

ಆ ಶನಿವಾರ ನೀವಿಯಾ ತನ್ನ ದೊಡ್ಡಮ್ಮನ ಮಗ ಗಿಲ್ಸನ್‌ನನ್ನು ಕರೆತಂದಿದ್ದಳು. ಸಾವೊ ಪಾವ್ಲೋದವನು, ರಜೆಗೆ ಬಂದಿದ್ದ, ಸುಮ್ಮನೆ ನೋಡುತ್ತೇನೆ ಎಂದ. ಕುರ್ಚಿ ಸಾಲಲಿಲ್ಲ. ಒಡಿಲೋನ್ ಉಪಚಾರದ ಮನುಷ್ಯ. ಅಡುಗೆಮನೆಯಿಂದ ಸ್ಟೂಲು ತಂದು ಜಾಗ ಇದ್ದ ಕಡೆ, ಅಂದರೆ ತನ್ನ ಪಕ್ಕದಲ್ಲೇ ಹಾಕಿದ. ಮೇಸ್ತ್ರಿಯ ಮಗ್ಗುಲಲ್ಲಿ ಯಾರನ್ನೂ ಕೂರಿಸಬಾರದು ಎಂದು ಐದು ವರ್ಷದ ಹಿಂದೆ ಕಟ್ಟಳೆ ಮಾಡಿದವನೂ ಅವನೇ.

ನಾಲ್ಕೂವರೆಗೆ ಕಲ್ಲುದೈತ್ಯ ಕೋಟೆಯ ಬಾಗಿಲಿಗೆ ಬಂದ. ಉಳಿದವರು ಓಡಿಹೋಗಲಿ ಎಂದು ಬ್ರಿಜಿದಾ ಒಬ್ಬಳೇ ಬಾಗಿಲಲ್ಲಿ ನಿಂತಳು. ಜೀವ ಒಂಬತ್ತು ಉಳಿದಿತ್ತು.

"ಹದಿನೈದು ದಾಟಿದ್ರೆ ಸುತ್ತಿಗೆ ಬೀಳುತ್ತೆ," ಎಂದ ಒಡಿಲೋನ್. "ಹಿಂದೆ ಸರೀತೀಯಾ?"

"ಸರಿಯೋದಿಲ್ಲ. ಉರುಳಿಸು."

ಪರದೆಯ ಹಿಂದೆ ದಾಳ ಉರುಳಿತು. ಒಡಿಲೋನ್ ನೋಡಿದ. ಒಂದು ಕ್ಷಣ ತಡೆದು, "ನಾಲ್ಕು!" ಎಂದ. "ಸುತ್ತಿಗೆ ಕಂಬಕ್ಕೆ ಬಡೀತು, ಕಲ್ಲು ಪುಡಿಪುಡಿ. ಧೂಳು ಇಳಿದಾಗ ನೋಡಿದ್ರೆ ಬ್ರಿಜಿದಾ ನಿಂತಲ್ಲೇ ನಿಂತಿದಾಳೆ!"

ಜಂದೀರಾ ಎರಡೂ ಕೈಯಿಂದ ಮೇಜು ಗುದ್ದಿದಳು. ತೆರ್ಸಿಯೋ ಶಿಳ್ಳೆ ಹಾಕಿದ.

ಗಿಲ್ಸನ್ ಬಾಯಲ್ಲಿ ಮರಗೆಣಸಿನ ಹಿಟ್ಟಿನ ಚೀಸ್ ಉಂಡೆ ಇತ್ತು. ಅದನ್ನು ನುಂಗಿ, "ನಾಲ್ಕಲ್ಲ, ಹತ್ತೊಂಬತ್ತು," ಎಂದ.

ತಾನು ಏನೋ ಸಹಾಯ ಮಾಡುತ್ತಿದ್ದೇನೆ ಎಂಬಂತೆ ಅವನು ಬೆರಳು ತೋರಿಸಿದ. "ಇಲ್ಲೇ ಇದೆಯಲ್ಲ. ಒಂದು, ಒಂಬತ್ತು."

ಒಡಿಲೋನ್ ದಾಳದ ಮೇಲೆ ಅಂಗೈ ಮುಚ್ಚಿದ. ಹಾಗೆ ಮುಚ್ಚದೆ ಇದ್ದಿದ್ದರೆ ಜಂದೀರಾ ಗಿಲ್ಸನ್‌ನನ್ನು ಬೈದು ಸುಮ್ಮನಾಗುತ್ತಿದ್ದಳೇನೋ.

"ಕೈ ತೆಗಿ," ಎಂದಳು.

"ಜಂದೀರಾ, ಆಟ ನಡೀತಿದೆ..."

"ಕೈ ತೆಗಿಯೋ."

ಅವಳು ಎದ್ದು ಪರದೆ ಎಳೆದಳು. ಅದು ಕಾಫಿ ಫ್ಲಾಸ್ಕಿನ ಮೇಲೆ ಮಗುಚಿತು. ಒಡಿಲೋನ್ ಕೈ ಎತ್ತಿದ. ಹತ್ತೊಂಬತ್ತು.

"ಇದೊಂದೇ ಸಲಾನಾ?"

"ಕಥೆ ಉಳೀಲಿ ಅಂತ ಕಣೆ. ಎಲ್ಲ ಮೇಸ್ತ್ರಿಗಳೂ ಮಾಡ್ತಾರೆ..."

"ಎಲ್ಲರದು ಕೇಳಲಿಲ್ಲ. ಎಷ್ಟು ಸಲ?"

ಒಡಿಲೋನ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. "ನಾಲ್ಕು. ಇದೂ ಸೇರಿ."

"ಯಾವ್ಯಾವುದು?"

"ಡ್ಯೂಕನ ಮದುವೇಲಿ ವಿಷ. ತೂಗುಸೇತುವೆ. ಮತ್ತೆ... ನದಿ."

ನದಿ ಎರಡನೇ ವರ್ಷದ್ದು. ಮೂರು ಜೀವ ಉಳಿದಿದ್ದಾಗ ನೀರುಹಾವು ಬ್ರಿಜಿದಾಳನ್ನು ಸುತ್ತಿಕೊಂಡಿತ್ತು. ದಾಳ ಎರಡು ತೋರಿಸಿತು, ಹಾವು ಬಂಡೆ ಕಚ್ಚಿತು ಎಂದು ಒಡಿಲೋನ್ ಹೇಳಿದ್ದ. ಆ ಸಂಜೆ ಜಂದೀರಾ ಬಸ್ಸಿಗೂ ಕಾಯದೆ ಗುಡ್ಡ ಹತ್ತಿ ಮನೆಗೆ ನಡೆದಿದ್ದಳು. ಸೋಮವಾರ ಜೆರಾಕ್ಸ್ ಅಂಗಡಿಯ ಯಜಮಾನ ಎಂದಿನಂತೆ ಕೂಗಾಡಿದಾಗ ಮೊದಲ ಸಲ ತಿರುಗಿ ಕೂಗಿದ್ದಳು. ಹಾವಿಗೆ ಎರಡು ಬಿದ್ದು ಬದುಕಿದವಳು ಯಾರಿಗೆ ಹೆದರಬೇಕು ಎಂಬ ಸೊಕ್ಕು ಅದು.

"ನದೀಲಿ ಎಷ್ಟು ಬಿದ್ದಿತ್ತು?"

"ಬಿಡು ಈಗ..."

"ಎಷ್ಟೋ?"

"ಇಪ್ಪತ್ತು."

ತೆರ್ಸಿಯೋ ಕುರ್ಚಿ ಹಿಂದಕ್ಕೆ ತಳ್ಳಿದ. "ಲೋ, ನನ್ನವು ಏಳು ಸತ್ತಿವೆಯಲ್ಲೋ! ನನ್ನ ಆ ಕುಳ್ಳನ ಪಾತ್ರಾನ ನೀನು ಬಾವಿಗೆ ಬೀಳಿಸಿ ಕೊಂದೆ. ಅವನಿಗೆ ಯಾಕೆ ನಾಲ್ಕು ಬೀಳಲಿಲ್ಲ?"

"ನೀನು ಹತ್ತು ನಿಮಿಷಕ್ಕೆ ಇನ್ನೊಂದು ಹಾಳೆ ಬರ್ಕೊಂಡು ಕೂರ್ತೀಯ. ನಗ್ತಾ ಇರ್ತೀಯ. ಇವಳು ಹಾಗಲ್ಲ." ಒಡಿಲೋನ್ ಜಂದೀರಾಳ ಕಡೆ ತಿರುಗಿದ. "ನದಿ ಆಟ ಅಂಚೆ ಪರೀಕ್ಷೆ ಫಲಿತಾಂಶ ಬಂದ ವಾರ. ಬಂದು ಕೂತಾಗ ನಿನ್ನ ಮುಖ ನೋಡೋಕಾಗ್ತಿರಲಿಲ್ಲ. ಪಾಪ ಅನ್ನಿಸ್ತು."

"ಏನನ್ನಿಸ್ತು?"

"ಜಂದೀರಾ, ಕೂತ್ಕೊ," ಎಂದಳು ನೀವಿಯಾ. "ಅವನು ಒಳ್ಳೇದಕ್ಕೇ..."

ಜಂದೀರಾ ಅವಳ ಮುಖ ನೋಡಿದಳು. ಅಲ್ಲಿ ಆಶ್ಚರ್ಯವೇ ಇರಲಿಲ್ಲ. "ನಿನಗೆ ಗೊತ್ತಿತ್ತು."

"ಸೇತುವೆ ದಿನ ಗೊತ್ತಾಯ್ತು. ಆಮೇಲೆ ಕೇಳ್ದೆ."

"ಕೇಳಿ, ಇಬ್ಬರೂ ಪಾಪ ಅಂದ್ಕೊಂಡ್ರಿ."

"ಹಾಗಲ್ಲ ಕಣೆ..."

"ಮನೇಲಿ ಅತ್ತಿಗೆ ಪಾಪ ಅಂತಾಳೆ. ಅಂಗಡಿಯೋನು ಪಾಪ ಅಂತ ಇಟ್ಕೊಂಡಿದಾನೆ, ಹಾಗಂತ ಎಲ್ಲರ ಮುಂದೆ ಹೇಳ್ತಾನೆ. ಇಲ್ಲಿ ಒಂದು ಕಡೆ ನನ್ನ ಕೈ ನಡೀತಿದೆ ಅಂದ್ಕೊಂಡಿದ್ದೆ. ಮೂರನೇ ಕ್ಲಾಸಿನ ಮಕ್ಕಳ ಓಟದಲ್ಲಿ ಕುಂಟನಿಗೆ ಬಹುಮಾನ ಕೊಡ್ತಾರಲ್ಲ, ಹಾಗೆ ಕೊಟ್ಯಲ್ಲೋ ನೀನು! ನಾಲ್ಕು ವರ್ಷ ಮೇಜು ಗುದ್ದಿದೀನಿ ನಾನು. ಗುದ್ದಿದಾಗೆಲ್ಲ ಇವಳ ಮುಖ ನೋಡಿ ಕಣ್ಣು ಹೊಡೀತಿದ್ಯಾ?"

ಗದ್ದಲಕ್ಕೆ ಒಡಿಲೋನನ ತಾಯಿ ಅಡುಗೆಮನೆಯ ಬಾಗಿಲಿಗೆ ಬಂದಳು. "ಏನ್ರೋ ಇದು? ಯಾರಾದ್ರೂ ಸತ್ತರಾ?"

"ಇಲ್ಲ ದೋನಾ ಅಲ್ಜಿರಾ," ಎಂದ ತೆರ್ಸಿಯೋ. "ಅದೇ ತಕರಾರು."

ಆಕೆ ಒದ್ದೆಯಾದ ಪರದೆ, ಚೆಲ್ಲಿದ ಕಾಫಿ ನೋಡಿ, ಬಟ್ಟೆ ಎಸೆದು ಒಳಗೆ ಹೋದಳು.

ಜಂದೀರಾ ಮೇಜು ಒರೆಸಿದಳು. ನಿಧಾನವಾಗಿ, ಮೂಲೆ ಮೂಲೆಯನ್ನೂ ಒರೆಸಿದಳು. ಆಮೇಲೆ ಕುರ್ಚಿ ಎಳೆದು ಕೂತಳು. "ಹತ್ತೊಂಬತ್ತು ಬಿದ್ದಿದೆ. ಏಟು ಬಿದ್ದಿದೆ. ಸುತ್ತಿಗೆ ಏಟಿಗೆ ಎಷ್ಟು ದಾಳ?"

"ಬೇಡ ಬಿಡು."

"ಎಷ್ಟು?"

"ಆರು ಮುಖದ್ದು ಮೂರು," ಎಂದ ತೆರ್ಸಿಯೋ. ಅವನಿಗೆ ಇಂಥವು ಬಾಯಿಪಾಠ.

ಅವಳೇ ಮೂರು ದಾಳ ಬಾಚಿಕೊಂಡು ಎಲ್ಲರ ಕಣ್ಣೆದುರು ಮೇಜಿನ ನಡುವೆ ಉರುಳಿಸಿದಳು. ಮೂರೂ ಸೇರಿ ಒಂಬತ್ತೋ ಹೆಚ್ಚೋ ಬಂದರೆ ಬ್ರಿಜಿದಾ ಸತ್ತಳು.

ಎರಡು. ಒಂದು. ಮೂರನೆಯದು ಗಿರಗಿರನೆ ತಿರುಗಿ ನಾಲ್ಕಕ್ಕೆ ನಿಂತಿತು.

"ಏಳು!" ಒಡಿಲೋನ್ ಕೂಗಿದ. ಅವನ ಹಣೆಯಲ್ಲಿ ಬೆವರಿತ್ತು. "ಎರಡು ಜೀವ ಉಳೀತು! ನೋಡಿದ್ಯಾ? ನಾನು ಮುಟ್ಟಲಿಲ್ಲ, ಎಲ್ಲರೂ ನೋಡಿದಾರೆ. ಬದುಕಿದಳು!"

ತೆರ್ಸಿಯೋ ನಕ್ಕ. ನೀವಿಯಾ ಉಸಿರು ಬಿಟ್ಟಳು. ಎಲ್ಲ ಸರಿಹೋಯಿತು ಎಂಬ ಮುಖ ಮೂವರದೂ. ಅದನ್ನು ಕಂಡು ಜಂದೀರಾಗೆ ಮೈಯೆಲ್ಲ ಉರಿಯಿತು.

"ಯಾರು ಬದುಕಿದ್ದು?"

"ಬ್ರಿಜಿದಾ..."

"ಬ್ರಿಜಿದಾ ನದೀಲಿ ಸತ್ತಳು. ಇಪ್ಪತ್ತು ಬಿದ್ದಿತ್ತು ಅಂತ ನೀನೇ ಹೇಳ್ದೆ, ಮೂರು ಜೀವಕ್ಕೆ ಅಷ್ಟು ದೊಡ್ಡ ಏಟು ತಡೆಯುತ್ತಾ? ಸತ್ತ ಹೆಂಗಸಿಗೆ ಸುತ್ತಿಗೆ ತಾಗಿದ್ರೇನು, ತಪ್ಪಿದ್ರೇನು? ಸೇತುವೆ ದಾಟಿದ್ದು ಯಾರು? ರಾಣೀನ ಸೆರೆಯಿಂದ ಬಿಡಿಸಿದ್ದು ಯಾರು? ನನ್ನ ಹೆಣ ಹೊತ್ಕೊಂಡು ನಾಲ್ಕು ವರ್ಷ ಊರೂರು ಮೆರವಣಿಗೆ ಮಾಡಿದೀಯ ನೀನು."

"ಅದು ಆಟ ಜಂದೀರಾ."

"ನಿನಗೆ ಆಟ ಆಗಿದ್ರೆ ದಾಳ ಹೇಳಿದ್ದನ್ನ ಹೇಳ್ತಿದ್ದೆ."

ಅವಳು ಹಾಳೆಯನ್ನು ಉದ್ದಕ್ಕೆ ಹರಿದಳು. ಟೇಪಿನ ಹತ್ತಿರ ಅದು ತಡೆಯಿತು. ಹಲ್ಲಿನಿಂದ ಕಚ್ಚಿ ಹರಿದಳು.

ತೆರ್ಸಿಯೋ ಮೆಲ್ಲಗೆ, "ಗೋಡೆಗೆ ಹೊಡೀಲೇನೆ?" ಎಂದ.

"ಬೇಡ. ಅಲ್ಲಿರೋವು ನಿಜವಾಗಿ ಸತ್ತಿರೋವು."

ಗಿಲ್ಸನ್ ಎದ್ದು, "ಕ್ಷಮಿಸಿ, ನನಗೆ ಗೊತ್ತಿರಲಿಲ್ಲ," ಎಂದ.

"ನೀನ್ಯಾಕೆ ಕ್ಷಮೆ ಕೇಳ್ತೀಯಪ್ಪ? ಐದು ವರ್ಷದಲ್ಲಿ ಈ ಮೇಜಲ್ಲಿ ನಿಜ ಹೇಳಿದೋನು ನೀನೊಬ್ಬನೇ."

ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಒಡಿಲೋನ್ ಗೇಟಿನವರೆಗೆ ಹಿಂದೆ ಬಂದು, ಮುಂದಿನ ವಾರದಿಂದ ಪರದೆ ಇಡುವುದಿಲ್ಲ, ಆಣೆ ಎಂದ. ಅವಳು ತಿರುಗಿ ನೋಡಲಿಲ್ಲ. ಮುಂದಿನ ವಾರ ತೆರ್ಸಿಯೋನೂ ಹೋಗಲಿಲ್ಲ. ಬೇಕರಿಯಲ್ಲಿ ಸಿಕ್ಕಾಗ ಅವನು ಮಾತಾಡಿಸುತ್ತಾನೆ, ಅವಳೂ ಮಾತಾಡುತ್ತಾಳೆ. ಉಳಿದ ಇಬ್ಬರು ಎದುರು ಸಿಕ್ಕರೆ ಅವಳು ರಸ್ತೆ ದಾಟುತ್ತಾಳೆ.

ಅವಳು ಕಳೆದುಕೊಂಡದ್ದು ಇಷ್ಟು: ಒಬ್ಬ ಈಟಿಗಾರ್ತಿ, ಇಬ್ಬರು ಗೆಳೆಯರು, ನದಿಯಿಂದ ಈಚೆಗೆ ನೂರ ತೊಂಬತ್ತಾರು ಶನಿವಾರ.