ಕಾಲಡಿಯ ಕೆಂಡ

"ಆ ಹೋಳಿಗಿ ಕಡೆ ನೋಡಬ್ಯಾಡಲೇ ಶಿವಗಂಗಾ, ನೋಡಿದ್ರ ಸಾಕು, ಮತ್ತೆರಡು ಕಿಲೋ ಏರ್ತಿ," ಎಂದ ಫಕೀರೇಶ, ಹಿತ್ತಲ ಒಲೆಯ ಪಕ್ಕ ಬರಿಗಾಲಲ್ಲಿ ನಿಂತು. ಲಟ್ಟಿಸುತ್ತಿದ್ದ ಹೆಂಗಸರು ನಕ್ಕರು. ಶಿವಗಂಗಾ ತಲೆಯೆತ್ತಲಿಲ್ಲ. ಬೆಳಗಿನಿಂದ ಅವಳು ತಿಂದಿದ್ದು ಅರ್ಧ ರೊಟ್ಟಿ.

ಇನ್ನು ಸ್ವಲ್ಪ ಹೊತ್ತಿಗೆ ಈ ಸೋದರಮಾವನ ಹೆಸರಿನಲ್ಲಿ ಅವಳ ಉಡಿ ತುಂಬಬೇಕಿತ್ತು. ಸೆರಗಿಗೆ ಅಕ್ಕಿ ಬಿದ್ದರೆ ಮದುವೆ ಗೊತ್ತಾದಂತೆ. ಹೊರಗಿನ ಗಂಡಿನವರು ಅವಳ ಊರು ಶಲವಡಿಗೆ ಬಂದು, ಅವಳ ಮೈ ನೋಡಿ, ಅವಲಕ್ಕಿ ತಿಂದು ಹೋಗಿದ್ದರು. "ಅವ್ರು ಒಲ್ಲೆ ಅಂದ್ರ ಅನ್ಲಿ. ನನ್ನ ಮಗ ಅದಾನಲ್ಲ, ಕಳ್ಳುಬಳ್ಳಿ ಎಲ್ಲಿ ಹೋಗ್ತೈತಿ," ಎಂದು ಅಜ್ಜಿ ಮೈಲಾರವ್ವ ಅಂದೇ ತೀರ್ಮಾನಿಸಿದ್ದಳು. ಅಜ್ಜಿ ವಿಧವೆ. ಹಾಗಾಗಿ ಗಂಡಿನ ಕಡೆಯಿಂದ ಉಡಿ ತುಂಬಬೇಕಾದವಳು ಗಂಡಿನ ಅಕ್ಕ ಸಾವಂತ್ರೆವ್ವ. ಅಂದರೆ ಶಿವಗಂಗಾಳ ಅವ್ವನೇ.

ಸಾವಂತ್ರೆವ್ವ ಒಲೆಯ ಮುಂದೆ ಕುರ್ಚಿಯಲ್ಲಿ ಕೂತಿದ್ದಳು. ಎಡಗಾಲು ಮೀನಖಂಡದ ಕೆಳಗೇ ಮುಗಿದಿತ್ತು. ಹೋದ ವರ್ಷ ಹತ್ತಿ ಬಿಡಿಸುವಾಗ, ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ್ದ ಆ ಪಾದಕ್ಕೆ ಜಾಲಿಮುಳ್ಳು ನೆಟ್ಟಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಪಾದ ಕೊಳೆತಿತ್ತು. ಆಗ ಹುಬ್ಬಳ್ಳಿಯ ಡಾಕ್ಟರಮ್ಮ ತಪಾಸಣೆಗೆ ಮನೆಮಂದಿಯ ರಕ್ತವನ್ನೂ ಕೇಳಿದ್ದರು. ಫಕೀರೇಶ ಕೈ ಚಾಚಲಿಲ್ಲ. "ನಾ ಕಡ್ಡಿಹಂಗ ಅದೀನ್ರಿ. ಸಕ್ರಿ ಬ್ಯಾನಿ ದಪ್ಪ ಮಂದಿಗೆ," ಎಂದು ನಕ್ಕಿದ್ದ.

"ಇದು ನಿನ್ನ ತಪ್ಪಲ್ಲ, ಯವ್ವಾ," ಎಂದಿದ್ದರು ಡಾಕ್ಟರಮ್ಮ ಶಿವಗಂಗಾಳಿಗೆ. "ಜೀನ್ ಅಂತೀವಲ್ಲ, ನಿಮ್ಮವ್ವನ ಜೀನಿನಾಗ ಸಣ್ಣ ಸಣ್ಣ ಫರಕ ಅದಾವ. ನಿನಗೂ ಬಂದಾವ. ಮೈ ಬೆಳಿಯಾಕ, ಸಕ್ರಿ ಏರಾಕ, ಎರಡಕ್ಕೂ ಅವು ಇಂಬು ಕೊಡ್ತಾವ. ಬಂದೇ ಬರ್ತೈತಿ ಅಂತಲ್ಲ. ಆದ್ರ ತಂದಿ ತಾಯಿ ಇಬ್ಬರ ಕಡಿಂದನೂ ಬಂದ್ರ ಮಕ್ಕಳಿಗೆ ಹೊರೆ ಹೆಚ್ಚು."

ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಅತ್ತಿದ್ದಳು. ನಿನ್ನ ತಪ್ಪಲ್ಲ ಎಂದು ಅಲ್ಲಿಯವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ.

"ಮಾಮಾ ಮದಲ ರಕ್ತಾ ತಪಾಸ ಮಾಡಸ್ಲಿ ಬೇ, ಆಮ್ಯಾಲೆ ನೋಡೂಣು," ಎಂದು ಈ ಬೆಳಿಗ್ಗೆಯೂ ಅವ್ವನನ್ನು ಕೇಳಿದ್ದಳು.

"ಬಾಯಿ ಮುಚ್ಚು. ಅವನೂ ಒಲ್ಲೆ ಅಂದ್ರ ನಿನ್ನ ಯಾರು ಒಯ್ತಾರ?"

ಒಲೆಯಿಂದ ಕೆಂಡವೊಂದು ಉರುಳಿತು. ಹೋಳಿಗೆ ಎತ್ತಿಕೊಳ್ಳಲು ಫಕೀರೇಶ ಬಾಗಿದ. ಅವನ ಬಲಗಾಲು ಕೆಂಡದ ಮೇಲೆ ಊರಿತು. ಊರಿಯೇ ಇತ್ತು. "ಏಲಕ್ಕಿ ಅಗದಿ ಬರೋಬ್ಬರಿ ಬಿದ್ದೈತಿ ನೋಡಕ್ಕಾ," ಎನ್ನುತ್ತ ಅವನು ಅಗಿಯುತ್ತಿದ್ದ. ತುಪ್ಪದ ಘಮದೊಳಗೆ ಕೂದಲು ಸುಟ್ಟಂಥ ವಾಸನೆ ಬೆರೆಯಿತು. "ಯಾವಾಕಿಲೇ ಹೋಳಿಗಿ ಸೀಸಿದಾಕಿ?" ಎಂದು ಅವನೇ ನಗೆಯಾಡಿ ಪಡಸಾಲೆಯ ಕಡೆ ನಡೆದ.

ಶಿವಗಂಗಾ ಅವ್ವನ ಮುಖ ನೋಡಿದಳು. ಅವ್ವನೂ ನೋಡಿದ್ದಳು.

ಸಾವಂತ್ರೆವ್ವ ಊರುಗೋಲು ಚಾಚಿ, ಚಪ್ಪಟೆಯಾದ ಕೆಂಡವನ್ನು ಬೂದಿಯೊಳಗೆ ತಳ್ಳಿದಳು. ಮೊರದ ಅಕ್ಕಿಯನ್ನು ಮುಷ್ಟಿ ತುಂಬ ಹಿಡಿದಳು.

"ಸೆರಗ ಹಿಡಿ."

"ಅವ್ವಾ, ಮಾಮಾನ ಕಾಲು..."

"ನಾ ಏನೂ ನೋಡಿಲ್ಲ. ಹಿಡಿ ಬೇ, ನಿನ್ನ ಕಾಲ ಬೀಳ್ತೀನಿ."

ಸಗಣಿ ಸಾರಿಸಿದ ನೆಲದ ಮೇಲೆ ಪಡಸಾಲೆಯವರೆಗೂ ಹೆಜ್ಜೆ ಬಿಟ್ಟು ಹೆಜ್ಜೆಗೆ ಕಪ್ಪು ಗುರುತು ಬಿದ್ದಿತ್ತು. ಶಿವಗಂಗಾ ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ತಂಬಿಗೆಯಲ್ಲಿ ತಣ್ಣೀರು ತುಂಬಿಕೊಂಡು ಆ ಗುರುತುಗಳ ಹಿಂದೆ ಹೋದಳು.

"ಹೊತ್ತು ಮೀರಾಕತ್ತೈತಿ, ಉಡಿ ತುಂಬಿತೇನ?" ಎಂದು ಅಜ್ಜಿ ಒಳಗಿಂದ ಕೂಗಿದಳು.

ಸಾವಂತ್ರೆವ್ವನ ಮುಷ್ಟಿ ಚಾಚಿದಲ್ಲೇ ಇತ್ತು. ಬೆರಳ ಸಂದಿಯಿಂದ ಅಕ್ಕಿ ಒಂದೊಂದೇ ಕಾಳಾಗಿ, ಅವಳ ಎಡಪಾದ ಇರಬೇಕಾಗಿದ್ದ ಜಾಗದಲ್ಲಿ ಉದುರುತ್ತಿತ್ತು.